ಶಿಮಾನಾಮಿಯಲ್ಲಿ ನಿಧಾನಕ್ಕೆ ಸೈಕಲ್ ತುಳಿದದ್ದು

ಜಪಾನಿನಲ್ಲಿ ಸೈಕಲ್ ತುಳಿದು ಬಂದೆ ಅಂದರೆ ಮೈಸೂರಿನಲ್ಲಿ ಎಲ್ಲರೂ ಮೊದಲು ಕೇಳುವುದು, "ಎಷ್ಟು ಗಂಟೇಲಿ ಮುಗಿಸಿದ್ರಿ?" ನಾನು ತುಳಿದದ್ದು ಶಿಮಾನಾಮಿ ಕಾಯ್‌ದೋ ಎಂಬ ದಾರಿ, ಅದು ಇರುವುದೇ ಸುಮಾರು 70 ಕಿಲೋಮೀಟರ್. ಅಭ್ಯಾಸ ಇರುವವರು ಬೆಳಿಗ್ಗೆ ಹೊರಟು ಸಂಜೆಯೊಳಗೆ ಆರಾಮಾಗಿ ಮುಗಿಸುತ್ತಾರೆ. ನಾನು ಮುಗಿಸಲಿಲ್ಲ, ಮುಗಿಸುವ ಇರಾದೆಯೂ ಇರಲಿಲ್ಲ. ದ್ವೀಪಗಳಲ್ಲೇ ರಾತ್ರಿ ತಂಗುತ್ತಾ ನಿಧಾನಕ್ಕೆ ದಾಟಿದೆ. ರಜೆ ಹಾಕಿ, ವೀಸಾ ಮಾಡಿಸಿ, ಅಷ್ಟು ದೂರ ಹೋಗಿ ಗಡಿಯಾರ ನೋಡಿಕೊಂಡು ತುಳಿಯುವವರ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ದಾರಿ ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಜಪಾನಿನ ದೊಡ್ಡ ದ್ವೀಪ ಹೊನ್ಶು, ಅದರ ಕೆಳಗೆ ಶಿಕೊಕು, ಇವೆರಡರ ನಡುವೆ ಸೆತೋ ಒಳಸಮುದ್ರ. ಹೊನ್ಶು ಕಡೆ ಹಿರೋಶಿಮಾ ಪ್ರಾಂತ್ಯದ ಓನೊಮಿಚಿ, ಶಿಕೊಕು ಕಡೆ ಎಹಿಮೆ ಪ್ರಾಂತ್ಯದ ಇಮಾಬಾರಿ. ನಡುವೆ ಮುಕೈಶಿಮಾ, ಇನ್ನೊಶಿಮಾ, ಇಕುಚಿಜಿಮಾ, ಒಮಿಶಿಮಾ, ಹಕಾತಾಜಿಮಾ, ಓಶಿಮಾ ಎಂಬ ಆರು ದ್ವೀಪ. ಇವನ್ನು ಜೋಡಿಸುವ ಸೇತುವೆಗಳನ್ನು ಒಂದೊಂದಾಗಿ ಕಟ್ಟುತ್ತಾ ಬಂದು 1999ರಲ್ಲಿ ಸರಪಳಿ ಪೂರ್ತಿ ಮಾಡಿದರು. ಸೇತುವೆಗಳ ಮೇಲೆ ಕಾರುಗಳ ಹೆದ್ದಾರಿಯ ಜೊತೆಗೇ ಸೈಕಲ್‌ಗೆ ಬೇರೆ ದಾರಿ ಇದೆ.

ನನ್ನ ತಯಾರಿ ದೊಡ್ಡದೇನಲ್ಲ. ಕೆಲವು ತಿಂಗಳು ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೋಗಿಬರುತ್ತಿದ್ದೆ, ಕಾಲಿಗಿಂತ ಹೆಚ್ಚಾಗಿ ಕೂರುವ ಜಾಗಕ್ಕೆ ಅಭ್ಯಾಸ ಆಗಲಿ ಅಂತ. ಮೆತ್ತೆ ಇರುವ ಸೈಕ್ಲಿಂಗ್ ಚಡ್ಡಿಯನ್ನು ಇಲ್ಲಿಂದಲೇ ಒಯ್ದೆ. ತಮ್ಮ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ, ಅವನೂ ಜೊತೆಗೆ ಬಂದ. ಒಸಾಕಾದಿಂದ ಬುಲೆಟ್ ರೈಲಿನಲ್ಲಿ ಫುಕುಯಾಮಾ, ಅಲ್ಲಿಂದ ಲೋಕಲ್ ರೈಲಿನಲ್ಲಿ ಓನೊಮಿಚಿ. ನಿಲ್ದಾಣದಿಂದ ಸಮುದ್ರದ ದಂಡೆ ನಡೆದುಹೋಗುವಷ್ಟೇ ದೂರ. ಬಾಡಿಗೆ ಸೈಕಲ್ ಅಂಗಡಿ ಅಲ್ಲೇ.

ಬಾಡಿಗೆ ಸೈಕಲ್ ತೆಗೆದುಕೊಳ್ಳುವಾಗ ಎರಡು ವಿಷಯ ಕೇಳಿಕೊಂಡೆ. ಒಂದು, ಇದನ್ನು ಇಮಾಬಾರಿ ಕಡೆ ಬಿಡಬಹುದಾ ಅಂತ. ಗೇರಿನ ಮಾಮೂಲಿ ಸೈಕಲ್ ಆದರೆ ಬೇರೆ ಕಡೆ ಬಿಡಬಹುದು, ಬ್ಯಾಟರಿ ಸೈಕಲ್‌ಗಳ ನಿಯಮ ಬೇರೆ ಇರುತ್ತದೆ. ಇನ್ನೊಂದು, ಬಿಡುವ ಜಾಗ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ ಅಂತ. ನಾವು ಹೋದದ್ದು ನವೆಂಬರಿನಲ್ಲಿ. ಹವೆ ಅಂದರೆ ಹವೆ, ಬೆವರೂ ಇಲ್ಲ ನಡುಕವೂ ಇಲ್ಲ. ಆದರೆ ಐದು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಹಾಗಾಗಿ ಪ್ರತಿದಿನ ಬೆಳಿಗ್ಗೆ ಬೇಗ ಹೊರಟು ನಾಲ್ಕರ ಹೊತ್ತಿಗೆ ತಂಗುವ ಮನೆ ಸೇರುವಂತೆ ಲೆಕ್ಕ ಹಾಕಿದ್ದೆ. ದೊಡ್ಡ ಸೂಟ್‌ಕೇಸನ್ನು ಕರಿಬೆಕ್ಕಿನ ಗುರುತಿನ ಕೊರಿಯರ್‌ನವರ ಕೈಗೆ ಕೊಟ್ಟು ನೇರ ಇಮಾಬಾರಿಯ ಹೋಟೆಲಿಗೆ ಕಳಿಸಿದೆವು. ಸೈಕಲ್ ಮೇಲೆ ಇದ್ದದ್ದು ಒಂದು ಜೊತೆ ಬಟ್ಟೆ, ಮಳೆ ಜಾಕೆಟ್ಟು, ಅವಲಕ್ಕಿ, ಚಟ್ನಿಪುಡಿ.

ಅವಲಕ್ಕಿಯ ವಿಷಯ ನಗುವಂಥದ್ದಲ್ಲ. ನಾನು ಸಸ್ಯಾಹಾರಿ. ಜಪಾನಿನಲ್ಲಿ ತರಕಾರಿ ಸಾರು, ನೂಡಲ್ಸು, ಕೊನೆಗೆ ಬೇಯಿಸಿದ ಮೂಲಂಗಿಗೂ ದಾಶಿ ಎಂಬ ತಿಳಿ ಹಾಕುತ್ತಾರೆ. ಅದರಲ್ಲಿ ಹೆಚ್ಚಾಗಿ ಒಣಮೀನಿನ ಹೆರೆ ಇರುತ್ತದೆ. ಹಾಗಾಗಿ ಬೆಳಗಿನ ಹೊತ್ತು ಅಂಗಡಿಯಲ್ಲಿ ಉಪ್ಪು ಮಾತ್ರ ಹಾಕಿದ ಅನ್ನದುಂಡೆ ತೆಗೆದುಕೊಂಡು, ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಿದ್ದೆ. ತಂಗುವ ಮನೆಗಳಿಗೆ ಮುಂಚೆಯೇ ತಮ್ಮನಿಂದ ಫೋನ್ ಮಾಡಿಸಿ, ಮೀನೂ ಬೇಡ, ಮೀನಿನ ತಿಳಿಯೂ ಬೇಡ ಅಂತ ಹೇಳಿಸಿದ್ದೆ. ಬರೀ "ಸಸ್ಯಾಹಾರ" ಅಂದರೆ ಅಲ್ಲಿ ಕೆಲಸ ಆಗುವುದಿಲ್ಲ.

ಸವಾರಿ ಶುರುವಾಗುವುದೇ ದೋಣಿಯಿಂದ. ಓನೊಮಿಚಿಯಿಂದ ಮುಕೈಶಿಮಾಕ್ಕೆ ಸೇತುವೆ ಇದ್ದರೂ ಅದು ಇಕ್ಕಟ್ಟು, ವಾಹನ ಜಾಸ್ತಿ. ಸೈಕಲ್‌ನವರೆಲ್ಲ ಫೆರಿ ಹತ್ತುತ್ತಾರೆ. ಐದು ನಿಮಿಷದ ದಾರಿ. ಆಚೆ ದಂಡೆಯಲ್ಲಿ ಇಳಿದರೆ ರಸ್ತೆಯ ಎಡ ಅಂಚಿನಲ್ಲಿ ನೀಲಿ ಗೆರೆ ಕಾಣುತ್ತದೆ. ಇಮಾಬಾರಿಗೆ ಇನ್ನು ಇಷ್ಟು ಕಿಲೋಮೀಟರ್ ಅಂತ ನಡುನಡುವೆ ಬರೆದಿರುತ್ತಾರೆ. ಆ ಗೆರೆ ಹಿಡಿದು ಹೋದರೆ ನಕ್ಷೆ ತೆಗೆಯುವ ಅಗತ್ಯವೇ ಇಲ್ಲ. ತೆಗೆಯಲೂ ಕೂಡದು, ತುಳಿಯುತ್ತಾ ಫೋನ್ ನೋಡುವುದಕ್ಕೆ 2024ರ ನವೆಂಬರಿನಿಂದ ಅಲ್ಲಿ ಜೈಲು, ದಂಡ ಎರಡೂ ಇವೆ. ಹೆಲ್ಮೆಟ್ಟನ್ನೂ 2023ರಿಂದ ಎಲ್ಲ ವಯಸ್ಸಿನವರೂ ಹಾಕಿಕೊಳ್ಳಬೇಕು ಅನ್ನುತ್ತಾರೆ. ನಮ್ಮಂತೆ ಅಲ್ಲೂ ಎಡಬದಿಯ ಸಂಚಾರವಾದ್ದರಿಂದ ತಿರುವುಗಳಲ್ಲಿ ತಲೆ ಕೆಡಲಿಲ್ಲ.

ಕಷ್ಟ ಅಂತ ಇರುವುದು ಸೇತುವೆ ಏರುವಾಗ. ದೊಡ್ಡ ಹಡಗು ಕೆಳಗೆ ಹಾಯಬೇಕಲ್ಲ, ಆದ್ದರಿಂದ ಸೇತುವೆಗಳು ತುಂಬಾ ಎತ್ತರ. ರಸ್ತೆಯಿಂದ ಅಲ್ಲಿಗೆ ಹತ್ತಲು ಸೈಕಲ್‌ಗೆಂದೇ ಸುತ್ತುದಾರಿ ಮಾಡಿದ್ದಾರೆ, ಏರು ಸುಮಾರು ಶೇಕಡ 3. ಚಾಮುಂಡಿ ಬೆಟ್ಟದ ರಸ್ತೆಯ ಮುಂದೆ ಇದು ಏನೂ ಅಲ್ಲ. ಆದರೂ ಒಂದು ಕಿಲೋಮೀಟರಿನಷ್ಟು ಬಿಡದೆ ಏರುವಾಗ ಉಸಿರು ಗೊತ್ತಾಗುತ್ತದೆ. ಏರು ಶುರುವಾಗುವ ಮುಂಚೆಯೇ ಸಣ್ಣ ಗೇರಿಗೆ ಹಾಕಿಕೊಂಡು, ಮಾತಾಡುತ್ತಾ ಹೋಗುವ ವೇಗದಲ್ಲೇ ತುಳಿದೆ. ಎಲ್ಲೂ ಇಳಿದು ತಳ್ಳಲಿಲ್ಲ. ಈ ಏರುದಾರಿಗಳು ಹೆಚ್ಚಾಗಿ ಕಿತ್ತಳೆ ತೋಟಗಳ ನಡುವೆ ಸುತ್ತುತ್ತವೆ. ನವೆಂಬರಿನಲ್ಲಿ ಹಣ್ಣು ಕೈಗೆ ಎಟುಕುವಷ್ಟು ಹತ್ತಿರ. ಮುಟ್ಟಬೇಡಿ, ಕೊಂಡುಕೊಳ್ಳಲು ಬೇರೆ ಏರ್ಪಾಡು ಇದೆ.

ಒಂದೊಂದು ಸೇತುವೆ ಒಂದೊಂದು ಥರ. 1983ರ ಇನ್ನೊಶಿಮಾ ಸೇತುವೆಯಲ್ಲಿ ಸೈಕಲ್ ದಾರಿ ಕಾರುಗಳ ಹಾಸಿನ ಕೆಳಗೆ, ಉಕ್ಕಿನ ಚೌಕಟ್ಟಿನ ಒಳಗೇ ಹೋಗುತ್ತದೆ. ತಲೆಯ ಮೇಲೆ ಲಾರಿ ಗಡಗಡ, ಪಕ್ಕದಲ್ಲಿ ಜಾಲರಿಯ ಆಚೆ ಸಮುದ್ರ. ನನಗೆ ಅಷ್ಟು ಹಿಡಿಸಲಿಲ್ಲ. ತತಾರಾ ಸೇತುವೆಯೇ ಬೇರೆ. ಗೋಪುರಗಳಿಂದ ಬೀಸಣಿಗೆಯಂತೆ ಇಳಿದ ಕೇಬಲ್‌ಗಳು, 890 ಮೀಟರ್ ನಡುಗಂಬವಿಲ್ಲದ ಹರವು. 1999ರಲ್ಲಿ ಕಟ್ಟಿ ಮುಗಿದಾಗ ಈ ಬಗೆಯ ಸೇತುವೆಗಳಲ್ಲಿ ಜಗತ್ತಿಗೇ ಉದ್ದದ್ದು. ಗೋಪುರದ ಬುಡದಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಎರಡು ಕಂಬಗಳ ನಡುವೆ ಪುಟಿಯುತ್ತಾ ಸರಸರನೆ ಮೇಲಕ್ಕೆ ಏರಿಹೋಗುತ್ತದೆ. ತಟ್ಟಲು ಮರದ ತುಂಡುಗಳನ್ನೂ ಅಲ್ಲೇ ಇಟ್ಟಿದ್ದರು. ತಮ್ಮ ನಿಲ್ಲಿಸಲೇ ಇಲ್ಲ. "ಸಾಕು ಬಾರೋ, ಜನ ನೋಡ್ತಿದ್ದಾರೆ" ಅಂದರೆ "ನೋಡ್ಲಿ ಬಿಡಕ್ಕ, ಅವರೂ ತಟ್ಟೋಕೇ ಕಾಯ್ತಿರೋದು" ಅಂದ. ನಿಜವೇ, ಹಿಂದೆ ಸಾಲು ನಿಂತಿತ್ತು.

ಇಕುಚಿಜಿಮಾದ ಸೆತೋದಾ ಊರು ನಿಂಬೆಗೆ ಹೆಸರುವಾಸಿ. ರಸ್ತೆಬದಿ ಮರದ ಗೂಡಿನಲ್ಲಿ ಚೀಲ ಚೀಲ ಹಣ್ಣು ಇಟ್ಟು, ಪಕ್ಕದಲ್ಲಿ ಒಂದು ತಗಡಿನ ಡಬ್ಬಿ, ಮುಚ್ಚಳದಲ್ಲಿ ನಾಣ್ಯ ಹಾಕುವ ಸೀಳು. ಚೀಲಕ್ಕೆ 100 ಯೆನ್ ಅಂತ ರಟ್ಟಿನ ಮೇಲೆ ಕೈಬರಹ. ಮಾರುವವರು ಯಾರೂ ಇಲ್ಲ. ನಿಂಬೆ ನಮ್ಮದಕ್ಕಿಂತ ಎರಡರಷ್ಟು ದಪ್ಪ, ಸಿಪ್ಪೆ ಇನ್ನೂ ಅರೆಹಸಿರು. ಬಾಟಲಿಯ ನೀರಿಗೆ ಹಿಂಡಿ, ಉಪ್ಪು ಸಕ್ಕರೆ ಕಲಸಿಕೊಂಡು ದಿನವಿಡೀ ಅದನ್ನೇ ಕುಡಿದೆವು. ಎಲೆಕ್ಟ್ರೋಲೈಟ್ ಪುಡಿ ಚೀಲದಲ್ಲೇ ಉಳಿಯಿತು.

ನೀಲಿ ಗೆರೆ ಬಿಟ್ಟು ಹೋಗಲೇಬೇಕಾದ ಜಾಗ ಒಮಿಶಿಮಾ. ಗೆರೆ ಆ ದ್ವೀಪದ ಒಂದು ಅಂಚನ್ನು ಮಾತ್ರ ಸವರಿ ಮುಂದಕ್ಕೆ ಹೋಗುತ್ತದೆ, ಒಂದೇ ದಿನಕ್ಕೆ ಮುಗಿಸುವವರೂ ಹಾಗೆಯೇ ದಾಟಿಬಿಡುತ್ತಾರೆ. ನಾವು ಗುಡ್ಡ ಹತ್ತಿ ಆಚೆ ಬದಿಯ ಒಯಾಮಾಜುಮಿ ದೇವಸ್ಥಾನಕ್ಕೆ ಹೋದೆವು. ಅಂಗಳದಲ್ಲಿ 2600 ವರ್ಷದ್ದು ಅಂತ ಹೇಳುವ ಕರ್ಪೂರದ ಮರ ಇದೆ. ಯುದ್ಧಕ್ಕೆ ಹೊರಟವರು, ಗೆದ್ದು ಬಂದವರು ಹರಕೆ ಒಪ್ಪಿಸಿದ ಕವಚ, ಕತ್ತಿಗಳ ಸಂಗ್ರಹವೂ ಇದೆ. ಆ ರಾತ್ರಿ ಅದೇ ದ್ವೀಪದಲ್ಲಿ ಉಳಿದೆವು.

ಹಕಾತಾಜಿಮಾದಲ್ಲಿ ಉಪ್ಪಿನ ಐಸ್‌ಕ್ರೀಮ್ ತಿಂದದ್ದು ಬಿಟ್ಟರೆ ಹೇಳುವಂಥದ್ದು ಕಡಿಮೆ. ಓಶಿಮಾದಲ್ಲಿ ಮಾತ್ರ ನಿಜವಾದ ಏರು ಬರುತ್ತದೆ. ಸೇತುವೆಯ ಹದವಾದ ಏರಲ್ಲ, ಗುಡ್ಡದ ರಸ್ತೆಯೇ. ಅದಕ್ಕೇ ಕೊನೆಯ ದಿನಕ್ಕೆ ದೂರ ಕಡಿಮೆ ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಅಂಗಡಿ, ಮನೆಗಳ ಮುಂದೆ ಸೈಕಲ್‌ನವರಿಗೆ ನೀರು, ಶೌಚಾಲಯ, ಗಾಳಿ ಪಂಪು ಇಟ್ಟಿರುವ ತಂಗುದಾಣಗಳಿವೆ. ಅಲ್ಲಿ ನಿಂತು ನಿಂತು ಹತ್ತಿದೆವು.

ಓಶಿಮಾದಿಂದ ಇಮಾಬಾರಿಗೆ ಕುರುಶಿಮಾ ಜಲಸಂಧಿಯ ಸೇತುವೆ. ಮೂರು ತೂಗುಸೇತುವೆ ಸಾಲಾಗಿ, ಸುಮಾರು 4 ಕಿಲೋಮೀಟರ್. ಇಲ್ಲಿ ಒಂದು ಗಂಟೆಯಾದರೂ ಕೈಯಲ್ಲಿ ಇಟ್ಟುಕೊಳ್ಳಿ. ಕೆಳಗೆ ನೀರು ಸಮುದ್ರದಂತೆ ಅಲೆ ಹೊಡೆಯುವುದಿಲ್ಲ, ನದಿಯಂತೆ ಹರಿಯುತ್ತದೆ, ಅಲ್ಲಲ್ಲಿ ಸುಳಿ ತಿರುಗುತ್ತದೆ. ಭರತ ಇಳಿತಕ್ಕೆ ಸೆಳೆತ ದಿಕ್ಕು ಬದಲಿಸಿದಾಗ ಹಡಗುಗಳು ಹೋಗುವ ಪಥವೂ ಬದಲಾಗುತ್ತದೆ. ಸೆಳೆತದ ಜೊತೆ ಹೋಗುವ ಹಡಗು ನಡುವಿನ ಪಥ ಹಿಡಿಯಬೇಕು, ಎದುರು ಹೋಗುವುದು ಪಶ್ಚಿಮದ ಪಥ. ಜಗತ್ತಿನಲ್ಲಿ ಬೇರೆಲ್ಲೂ ಇಂಥ ನಿಯಮ ಇಲ್ಲವಂತೆ. ಮಧ್ಯದಲ್ಲಿ ಸೈಕಲ್ ನಿಲ್ಲಿಸಿ ನೋಡುತ್ತಿದ್ದರೆ, ಎದುರು ಹೋಗುವ ಸರಕು ಹಡಗು ಎಂಜಿನ್ ಪೂರ್ತಿ ಓಡಿಸುತ್ತಿದ್ದರೂ ನಿಂತಲ್ಲೇ ನಿಂತಂತೆ ಕಾಣುತ್ತದೆ.

ಈ ಸೇತುವೆ ಕೊನೆಗೆ ಸಿಗಲಿ ಅಂತಲೇ ನಾನು ಓನೊಮಿಚಿಯಿಂದ ಹೊರಟದ್ದು. ಇಳಿದ ಕೂಡಲೇ ಇತೊಯಾಮಾದ ಬಾಡಿಗೆ ಕೇಂದ್ರ ಸಿಗುತ್ತದೆ, ಸೈಕಲ್ ಅಲ್ಲೇ ಕೊಟ್ಟೆವು. ಇಮಾಬಾರಿಯಿಂದ ಒಕಾಯಾಮಾಕ್ಕೆ ಎಕ್ಸ್‌ಪ್ರೆಸ್ ರೈಲು ಇದೆ. ಅದು 1988ರ ಸೆತೋ ಮಹಾಸೇತುವೆಯ ಮೇಲೆ ಒಳಸಮುದ್ರ ದಾಟುತ್ತದೆ, ಒಕಾಯಾಮಾದಿಂದ ಮತ್ತೆ ಬುಲೆಟ್ ರೈಲು. ಸೂಟ್‌ಕೇಸ್ ಇದ್ದದ್ದು ಇಮಾಬಾರಿಯಲ್ಲೇ ಆದ್ದರಿಂದ ಹಿಂದಕ್ಕೆ ಓನೊಮಿಚಿಗೆ ಹೋಗುವ ಕೆಲಸವೇ ಬೀಳಲಿಲ್ಲ.