ಮೂರು ಮೈಕ್ರಾನ್ ಕೊಟ್ಟ ಹಳೆಯ ಸ್ಪೆನ್ಸರ್

ಕಳೆದ ವಾರ ಕಿಡ್ನಿ ಬಯಾಪ್ಸಿಯೊಂದರ ಮೂರು ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ರಿಬ್ಬನ್, ಅಂದರೆ ಸಾಲಾಗಿ ಅಂಟಿಕೊಂಡ ತೆಳು ಸೆಕ್ಷನ್ನುಗಳ ಪಟ್ಟಿ, ಬೆಚ್ಚಗಿನ ನೀರಿನ ವಾಟರ್ ಬಾತ್‌ನಲ್ಲಿ ಒಂದು ಸುಕ್ಕೂ ಇಲ್ಲದೆ ಹರಡಿಕೊಂಡಿತು. ಕತ್ತರಿಸಿದ್ದು ನನ್ನ ಹಳೆಯ ಸ್ಪೆನ್ಸರ್ ಮೈಕ್ರೋಟೋಮ್, ಮೇಣದಲ್ಲಿ ಹುದುಗಿಸಿದ ಅಂಗಾಂಶವನ್ನು (ಅದೇ ಬ್ಲಾಕ್) ತೆಳುವಾಗಿ ಕತ್ತರಿಸುವ ಯಂತ್ರ. "ಆ ಹಳೆಯ ಕಬ್ಬಿಣಕ್ಕೆ ಯಾಕೆ ದುಡ್ಡು ಸುರಿದಿರಿ?" ಎಂದು ಎರಡು ವರ್ಷದಿಂದ ಕೇಳುತ್ತಿದ್ದ ನಮ್ಮ ಡಾಕ್ಟರು ಸ್ಲೈಡ್ ನೋಡಿ, "ಇದೇ ಬ್ಲಾಕಿನಿಂದ ಇನ್ನೆರಡು ಕೊಡಿ" ಎಂದರು. ನನಗೆ ಅಷ್ಟು ಸಾಕಾಗಿತ್ತು.

ನಮ್ಮದು ಶಿವಮೊಗ್ಗದ ಸಣ್ಣ ಲ್ಯಾಬ್. ದಿನಕ್ಕೆ ಮೂವತ್ತು, ಹೆಚ್ಚೆಂದರೆ ನಲವತ್ತು ಬ್ಲಾಕ್. ಮೊದಲು ಚಕ್ರ ತಿರುಗಿಸಿ ಕತ್ತರಿಸುವ ಹೊಸ ದೇಶಿ ರೋಟರಿ ಮೈಕ್ರೋಟೋಮ್ ಕೊಂಡೆ, ಸುಮಾರು ಐವತ್ತು ಸಾವಿರಕ್ಕೆ. ಆರು ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ಸೆಕ್ಷನ್ ದಪ್ಪ, ಒಂದು ತೆಳು. ನಾನು ಪ್ಯಾರಾಫಿನ್ ಮೇಣ ಬದಲಿಸಿದೆ, ಬ್ಲೇಡ್ ಬದಲಿಸಿದೆ, ಅಂಗಾಂಶವನ್ನು ಮೇಣಕ್ಕೆ ಸಿದ್ಧಪಡಿಸುವ ಪ್ರೊಸೆಸಿಂಗ್ ಸಮಯ ಹೆಚ್ಚಿಸಿದೆ. ಮೂರು ತಿಂಗಳು ಹೀಗೆಯೇ ಹಾಳಾಯಿತು. ಒಂದು ದಿನ ಎಂಡೋಸ್ಕೋಪಿಯ ಅಕ್ಕಿಕಾಳಿನಷ್ಟು ತುಣುಕು ಬಂತು. ಚಕ್ರದ ಮೊದಲ ಎರಡು ಸುತ್ತಿನಲ್ಲಿ ಏನೂ ಬರಲಿಲ್ಲ, ಮೂರನೆಯದರಲ್ಲಿ ಅರ್ಧ ಅಂಗಾಂಶವೇ ಕಿತ್ತುಹೋಯಿತು. ಉಳಿದುದರಲ್ಲಿ ವರದಿ ಕೊಡಲು ಸಾಧ್ಯವಾಯಿತು ನಿಜ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಿದೇಶಿ ಯಂತ್ರಗಳ ದರ ತರಿಸಿದೆ. ಕೈಯಿಂದ ತಿರುಗಿಸುವುದು ನಾಲ್ಕು ಲಕ್ಷದ ಆಸುಪಾಸು, ಮೋಟರ್ ಇರುವುದು ಎಂಟರ ಮೇಲೆ, ವರ್ಷದ ನಿರ್ವಹಣೆಯ ಹಣ ಬೇರೆ. ನಲವತ್ತು ಬ್ಲಾಕಿಗೆ ಮೋಟರ್ ಯಾಕೆ? ಗಟ್ಟಿ ಬ್ಲಾಕ್ ಬಂದಾಗ ಅದು ನನ್ನ ಅಂಗೈಗೆ ಮೊದಲು ಗೊತ್ತಾಗುತ್ತದೆ.

ಅಷ್ಟರಲ್ಲಿ ಕಾಲೇಜೊಂದು ಹಳೆಯ ಸ್ಪೆನ್ಸರ್ 820 ಹರಾಜಿಗಿಟ್ಟಿತು. ಇಪ್ಪತ್ತೆಂಟು ಸಾವಿರಕ್ಕೆ ಕೂಗಿದೆ. ಕೊಳ್ಳುವ ಮೊದಲು ಪರಿಚಯದ ಲೇತ್ ವರ್ಕ್‌ಶಾಪಿನಿಂದ ಡಯಲ್ ಗೇಜ್ (ಸೂಕ್ಷ್ಮ ಚಲನೆ ಅಳೆಯುವ ಮಾಪಕ) ಒಯ್ದಿದ್ದೆ. ಐದು ಮೈಕ್ರಾನ್‌ಗೆ ಇಟ್ಟು ನೂರು ಸುತ್ತು ತಿರುಗಿಸಿದರೆ ಬ್ಲಾಕ್ ಹೋಲ್ಡರ್ ಅರ್ಧ ಮಿಲಿಮೀಟರ್ ಮುಂದೆ ಬರಬೇಕು. ಬಂದದ್ದು ಅದಕ್ಕಿಂತ ತೀರಾ ಸ್ವಲ್ಪ ಕಡಿಮೆ. ಒಟ್ಟು ಲೆಕ್ಕವನ್ನೇ ನಂಬಬೇಡಿ, ಹತ್ತು ಸುತ್ತಿಗೊಮ್ಮೆ ಚಕ್ರವನ್ನು ಮೇಲೆ ಲಾಕ್ ಮಾಡಿ ಗೇಜ್ ತಾಗಿಸಿ ಓದಿ. ಇದೇ ಪರೀಕ್ಷೆಯನ್ನು ನನ್ನ ಹೊಸ ಯಂತ್ರಕ್ಕೂ ಮಾಡಿದಾಗ ಮೊದಲ ಹತ್ತು ಸುತ್ತಿನಲ್ಲಿ ಹೋಲ್ಡರ್ ಬಹುತೇಕ ಅಲುಗಲೇ ಇಲ್ಲ, ಮುಂದಿನ ಹತ್ತರಲ್ಲಿ ಒಮ್ಮೆಲೇ ಜಿಗಿಯಿತು. ಮೂರು ತಿಂಗಳ ರೋಗ ಹತ್ತು ನಿಮಿಷದಲ್ಲಿ ಪತ್ತೆಯಾಯಿತು. ಯಾವ ಯಂತ್ರ ಕೊಳ್ಳುವವರೂ, ಹೊಸದಾಗಲಿ ಹಳೆಯದಾಗಲಿ, ಈ ಪರೀಕ್ಷೆ ಮಾಡದೆ ಹಣ ಕೊಡಬಾರದು.

ಒಳಗೆ ಎಣ್ಣೆ ಹೆಪ್ಪುಗಟ್ಟಿ ಅಂಟಾಗಿತ್ತು. ಬಿಚ್ಚಿ ತೊಳೆಯಲು ನಾಲ್ಕು ಭಾನುವಾರ ಹಿಡಿಯಿತು. ಈಗ ಹಾಕುವ ಎಣ್ಣೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆಯಂತೂ ಅಲ್ಲ, ಅದು ನಮ್ಮ ಮಳೆಗಾಲಕ್ಕೆ ನಿಲ್ಲಲಿಲ್ಲ. ಉಕ್ಕಿನ ಚಾಕು ಮಸೆಯುವ ಕಾಲ ಮುಗಿದಿದೆ, ಆದ್ದರಿಂದ ಡಿಸ್ಪೋಸಬಲ್ ಬ್ಲೇಡ್ ಹೋಲ್ಡರ್ ತರಿಸಿದೆ, ಹದಿನಾಲ್ಕು ಸಾವಿರ. ಕೂರಿಸಿದ ಮೇಲೆ ಪ್ರತಿ ಸೆಕ್ಷನ್‌ನಲ್ಲೂ ಅಡ್ಡಗೆರೆ, ಕಿಟಕಿಯ ಪಟ್ಟಿಗಳ ಹಾಗೆ. "ಹೇಳಿರಲಿಲ್ಲವೇ?" ಎಂದವರೆಷ್ಟು ಮಂದಿ! ಬ್ಲೇಡಿನ ಕೋನ ಮೂರು ಡಿಗ್ರಿಯಿಂದ ಎಂಟರವರೆಗೆ ಒಂದೊಂದಾಗಿ ನೋಡಿದೆ, ಎರಡು ಡಬ್ಬಿ ಬ್ಲೇಡ್ ಕಳೆದೆ. ಕೊನೆಗೆ ದೋಷ ಸಿಕ್ಕಿದ್ದು ಹೋಲ್ಡರಿನ ತಳದಲ್ಲಿ. ಹಳೆಯ ಚಾಕುವಿನ ಪೀಠದ ಮೇಲೆ ಅದು ಒಂದು ಮೂಲೆಯಲ್ಲಿ ಕುಳಿತಿರಲೇ ಇಲ್ಲ. ಆ ಮೂಲೆಯ ಕೆಳಗೆ ಹಿತ್ತಾಳೆಯ ತೆಳು ಪಟ್ಟಿಯೊಂದನ್ನು ಕೊಟ್ಟೆ, ಗೆರೆ ಮಾಯವಾಯಿತು. ಪಟ್ಟಿಯ ದಪ್ಪ ಕಂಡುಹಿಡಿದ ಬಗೆ ನನ್ನಲ್ಲೇ ಇರಲಿ. ಸಾಗಣೆ, ಲೇತ್ ಕೆಲಸ ಎಲ್ಲ ಸೇರಿ ಐವತ್ತೈದು ಸಾವಿರ ದಾಟಲಿಲ್ಲ.

ನಡುವೆ ಕೃಷಿ ವಿದ್ಯಾರ್ಥಿಯೊಬ್ಬರು ಅಡಿಕೆ ಬೇರು ತಂದರು. ನಾರು ಬ್ಲೇಡನ್ನೇ ತಿನ್ನುತ್ತಿತ್ತು. ಬ್ಲಾಕಿನ ಮುಖ ತೆರೆದು, ಬಟ್ಟೆ ಮೃದುಗೊಳಿಸುವ ದ್ರಾವಣ ಬೆರೆಸಿದ ತಣ್ಣೀರಿನಲ್ಲಿ ರಾತ್ರಿಯಿಡೀ ಇಟ್ಟೆ. ಹನ್ನೆರಡು ಮೈಕ್ರಾನಿನಲ್ಲಿ ಬೇರಿನ ನಾಳಗಳು ಎಣಿಸುವಂತೆ ಬಂದವು. ಅದೇ ಉಪಾಯವನ್ನು ಗರ್ಭಕೋಶದ ಗಟ್ಟಿ ಗಡ್ಡೆಯಾದ ಫೈಬ್ರಾಯ್ಡ್‌ಗೂ ಬಳಸಿದೆ, ಅರ್ಧ ಗಂಟೆ ಸಾಕು.

ಹೊಸ ಯಂತ್ರವನ್ನು ಮಾರಲಿಲ್ಲ. ಈಗ ಅದು ಟ್ರಿಮ್ಮಿಂಗ್‌ಗೆ ಮಾತ್ರ. ಮೇಲಿನ ಮೇಣ ಕೆತ್ತಿ, ಬ್ಲಾಕುಗಳನ್ನು ಮಂಜುಗಡ್ಡೆಯ ಮೇಲೆ ಸಾಲಾಗಿಟ್ಟು ನಮ್ಮ ಲ್ಯಾಬಿನ ಹುಡುಗಿ ನನ್ನನ್ನು ಕೂಗುತ್ತಾಳೆ. ಸ್ಪೆನ್ಸರ್ ಮುಂದೆ ನಾನೇ ಕೂರುತ್ತೇನೆ.