ಕೈಗೆ ತಗೊಳ್ಳಿ, ತಿರುಗಿಸಿ ನೋಡಿ: ಸಂತೆಯಲ್ಲಿ ನನ್ನ ಕಸೂತಿ

ನನ್ನ ಮೇಜಿನ ಹತ್ತಿರ ಯಾರೇ ಬಂದು ನಿಂತರೂ ನಾನು ಮೊದಲು ಹೇಳುವ ಮಾತು ಒಂದೇ. ‘ಕೈಗೆ ತಗೊಳ್ಳಿ, ತಿರುಗಿಸಿ ನೋಡಿ.’ ಬೆಲೆ ಆಮೇಲೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ ಅನ್ನುವ ಹೊಲಿಗೆಯಲ್ಲಿ ಹಾಕಿದ ಗೋಪುರದ ಚಿತ್ತಾರ ಮುಂದೆ ಹೇಗಿದೆಯೋ ಹಿಂದೆಯೂ ಹಾಗೇ ಇರುತ್ತದೆ. ಗಂಟಿಲ್ಲ, ಅಡ್ಡಾದಿಡ್ಡಿ ಓಡಿದ ದಾರವಿಲ್ಲ. ಅದನ್ನು ಕಂಡ ಕೂಡಲೇ ಜನ ಒಂದು ಕ್ಷಣ ಸುಮ್ಮನಾಗುತ್ತಾರೆ. ಮತ್ತೆ ಮುಂದಕ್ಕೆ ತಿರುಗಿಸಿ, ಮತ್ತೆ ಹಿಂದೆ ನೋಡುತ್ತಾರೆ. ಆ ಒಂದು ಕ್ಷಣಕ್ಕಾಗಿಯೇ ನಾನು ಸಂತೆಗೆ ಹೋಗುತ್ತೇನೆ.

ಬೆಂಗಳೂರಿನಲ್ಲಿ ನನ್ನದು ಆಫೀಸ್ ಕೆಲಸ. ಕಸೂತಿ ನನ್ನ ಹೊಟ್ಟೆಪಾಡಲ್ಲ, ಸಂಜೆಯ ಸಂತೋಷ. ಅಮ್ಮ ಧಾರವಾಡದ ಕಡೆಯವರು. ಅವರ ಹತ್ತಿರ ಒಂದು ಕಪ್ಪು ಚಂದ್ರಕಾಳಿ ಸೀರೆ ಇದೆ. ಸೆರಗಿನ ತುಂಬ ಆನೆ, ತೇರು, ತೊಟ್ಟಿಲು, ತುಳಸಿಕಟ್ಟೆ. ಚಿಕ್ಕವಳಿದ್ದಾಗ ಆ ಆನೆಗಳನ್ನು ಎಣಿಸುತ್ತಾ ಕೂರುತ್ತಿದ್ದೆ. ಹೊಲಿಗೆ ಕಲಿತದ್ದು ಮಾತ್ರ ಮೂವತ್ತು ದಾಟಿದ ಮೇಲೆ. ಅಮ್ಮ ಪಕ್ಕದಲ್ಲಿ ಕೂತು, ಬಟ್ಟೆಯ ಎಳೆ ಎಣಿಸುವುದನ್ನು ಹೇಳಿಕೊಟ್ಟರು. ಕಸೂತಿಗೆ ಪೆನ್ಸಿಲಿನ ಗೆರೆ ಹಾಕುವುದಿಲ್ಲ. ಎಣಿಕೆಯೇ ಗೆರೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಬೇಕು, ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತಾ ಹೊರಟಲ್ಲಿಗೇ ಬರಬೇಕು. ನಡುವೆ ಒಂದು ಎಳೆ ತಪ್ಪಿದರೆ ವಾಪಸ್ ಬರುವ ದಾರಿ ಮುಚ್ಚಿಹೋಗುತ್ತದೆ. ಬಿಚ್ಚಲೇಬೇಕು. ಮುರ್ಗಿಯೂ ಇದೇ ಲೆಕ್ಕ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೋಡಲು ನೇಯ್ದ ಹಾಗೆ ಕಾಣುತ್ತದೆ. ಮೆಂತಿ ಗುಣಾಕಾರದ ಗುರುತಿನ ಹಾಗೆ ಒಂದರ ಮೇಲೊಂದು ಹಾಯುವ ಅಡ್ಡ ಹೊಲಿಗೆ, ಅದಕ್ಕೆ ದಾರ ಜಾಸ್ತಿ ಬೇಕು. ಈ ಕೊನೆಯ ಎರಡರಲ್ಲಿ ಹಿಂಬದಿ ಮುಂದಿನ ಹಾಗೆ ಬರುವುದಿಲ್ಲ. ಅದಕ್ಕೇ ನಾನು ಸಂತೆಗೆ ಒಯ್ಯುವುದು ಹೆಚ್ಚಾಗಿ ಗವಂತಿ, ಮುರ್ಗಿ.

ಮಾರಲು ಕೂರುವ ಮುಂಚೆ ಒಂದು ವರ್ಷ ನಾನು ಸುಮ್ನೆ ಸಂತೆಗಳನ್ನು ಸುತ್ತಿದೆ. ಯಾರಾದರೂ ಶುರು ಮಾಡಬೇಕು ಅಂತಿದ್ದರೆ ಅವರಿಗೂ ಇದನ್ನೇ ಹೇಳುತ್ತೇನೆ. ಕೊಳ್ಳಲು ಹೋಗುವುದು ಬೇರೆ, ಮಾರುವವರನ್ನು ನೋಡಲು ಹೋಗುವುದು ಬೇರೆ.

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಚಿಕ್ಕಂದಿನಿಂದ ಹೋಗುತ್ತಿದ್ದೇನೆ. ಕಾರ್ತಿಕ ಮಾಸದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ರಸ್ತೆ ತುಂಬ ಕಡಲೆಕಾಯಿ ರಾಶಿ. ಆ ವರ್ಷ ಮೊದಲ ಸಲ ಮಾರುವವರ ಕೈ ನೋಡಿದೆ. ರಾಶಿಯ ಮುಂದೆ ನಿಂತವರಿಗೆ ಅವರು ಬೆಲೆ ಹೇಳುವುದಿಲ್ಲ. ಮೊದಲು ನಾಲ್ಕು ಕಾಯಿ ಕೈಗೆ ಹಾಕುತ್ತಾರೆ. ‘ತಿಂದು ನೋಡಿ’ ಅನ್ನುತ್ತಾರೆ. ಕಾಯಿ ಸುಲಿದು ಬಾಯಿಗೆ ಹಾಕಿಕೊಂಡ ಮೇಲೆ ಮುಂದಿನ ಅಂಗಡಿಗೆ ಹೋಗುವವರು ಕಡಿಮೆ. ನಾನು ‘ತಿರುಗಿಸಿ ನೋಡಿ’ ಅನ್ನುವುದನ್ನು ಕಲಿತದ್ದು ಅಲ್ಲಿಂದಲೇ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದೆ. ಚಿತ್ರಕಲಾ ಪರಿಷತ್ತು ನಡೆಸುವ ಈ ಸಂತೆಯ ದಿನ ಆ ರಸ್ತೆಯಲ್ಲಿ ಗಾಡಿ ಓಡುವುದಿಲ್ಲ, ಎರಡೂ ಕಡೆ ಚಿತ್ರಗಳೇ. ಅಲ್ಲಿ ಒಂದು ವಿಷಯ ಗಮನಿಸಿದೆ. ಚೆಂದದ ಚಿತ್ರಗಳನ್ನು ಸಾಲಾಗಿ ಇಟ್ಟು ಹಿಂದೆ ಕುರ್ಚಿಯಲ್ಲಿ ಕೂತವರ ಮುಂದೆ ಜನ ನಡೆದು ಹೋಗುತ್ತಿದ್ದರು. ಅಲ್ಲೇ ಕೂತು ಚಿತ್ರ ಬರೆಯುತ್ತಿದ್ದವರ ಸುತ್ತ ಮೂರು ಸಾಲು ಜನ. ಮನೆಗೆ ಬಂದ ಮೇಲೆ ನಿರ್ಧರಿಸಿದೆ, ನಾನು ಮಾರಲು ಕೂತ ದಿನ ನನ್ನ ಕೈಯಲ್ಲಿ ಸೂಜಿ ಇರಬೇಕು.

ಮೊದಲ ಸಂತೆಗೆ ನಮ್ಮ ಮನೆಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನ ದೀಪಾವಳಿ ಮೇಳ ಆರಿಸಿಕೊಂಡೆ. ಆರು ಅಡಿ ಮೇಜಿಗೆ 800 ರೂಪಾಯಿ. 20 ಬುಕ್‌ಮಾರ್ಕ್, 12 ಜೊತೆ ಬಟ್ಟೆಯ ಓಲೆ, 6 ಪುಟ್ಟ ಪರ್ಸ್, 4 ಚೌಕಟ್ಟು ಹಾಕಿಸಿದ ತುಂಡುಗಳು, ಒಟ್ಟು 42. ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ ಕೂತೆ. 5 ಬುಕ್‌ಮಾರ್ಕ್ ತಲಾ 120ಕ್ಕೆ, 3 ಜೊತೆ ಓಲೆ ತಲಾ 150ಕ್ಕೆ ಹೋದವು. ಕೈಗೆ ಬಂದದ್ದು 1,050. ಮೇಜಿನ ಬಾಡಿಗೆ 800, ಆಟೋ 360. ಅಂದರೆ 110 ರೂಪಾಯಿ ಕೈಯಿಂದ ಹೋಯಿತು, ಬಟ್ಟೆ ದಾರದ ಖರ್ಚು ಬೇರೆ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ. ಗುರುತಿಲ್ಲದ ಐದು ಮನೆಗಳ ಪುಸ್ತಕದೊಳಗೆ ನನ್ನ ಗೋಪುರ ಇದೆ ಅನ್ನುವುದೇ ದೊಡ್ಡದಾಗಿತ್ತು.

ಎರಡನೇ ಸಂತೆ ಮಳೆಗಾಲದಲ್ಲಿ, ಒಂದು ಬಯಲಿನಲ್ಲಿ. ನನಗೆ ಕೊಟ್ಟ ಜಾಗ ಜನರೇಟರ್ ಪಕ್ಕ. ದಿನವಿಡೀ ಹೊಗೆ, ಸದ್ದು. ಮಾತಾಡಿದರೆ ಎದುರಿನವರಿಗೆ ಕೇಳುತ್ತಿರಲಿಲ್ಲ. ಬುಕ್ ಮಾಡುವಾಗ ತೋರಿಸಿದ ಜಾಗವೇ ಬೇರೆ. ಕೇಳಿದ್ದಕ್ಕೆ ‘ಈಗ ಬದಲಾಯಿಸಲು ಆಗಲ್ಲ ಮೇಡಂ’ ಅಂದರು. ಅಂದಿನಿಂದ ದುಡ್ಡು ಕಳಿಸುವ ಮುಂಚೆ ಮೇಜಿನ ನಂಬರು, ಅದರ ಅಕ್ಕಪಕ್ಕ ಏನಿದೆ, ಮೇಲೆ ಶಾಮಿಯಾನ ಇದೆಯೋ ಇಲ್ಲವೋ, ಎಲ್ಲವನ್ನೂ ಮೆಸೇಜಿನಲ್ಲಿ ಬರೆಸಿಕೊಳ್ಳುತ್ತೇನೆ.

ಆದರೆ ಆ ಸಂತೆಯ ದೊಡ್ಡ ಪಾಠ ಅದಲ್ಲ. ಅಲ್ಲಿ ಒಬ್ಬ ಹುಡುಗಿ ಎಳೆ ಎಣಿಸಲು ಸುಲಭವಾದ ಬಿಳಿ ಮ್ಯಾಟಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ನವಿಲು ಹಾಕಿದ ಪರ್ಸ್ ಕೊಂಡಳು. ಎರಡು ವಾರದ ಮೇಲೆ ಫೋಟೋ ಕಳಿಸಿದಳು. ಒಗೆದಿದ್ದಾಳೆ, ನವಿಲಿನ ಸುತ್ತ ಬಟ್ಟೆಯೆಲ್ಲ ಗುಲಾಬಿ. ನಾನು ಯಾವಾಗಲೂ ತರುವ ಆರೆಳೆಯ ದಾರ ಆ ಬಾರಿ ಖಾಲಿಯಾಗಿತ್ತು. ಅಂಗಡಿಯಲ್ಲಿ ಸಿಕ್ಕ, ಹೆಸರಿಲ್ಲದ ಕೆಂಪು ಲಡಿ ತಂದು ಹಾಕಿಬಿಟ್ಟಿದ್ದೆ. ದುಡ್ಡು ವಾಪಸ್ ಕೊಟ್ಟೆ, ಇನ್ನೊಂದು ಪರ್ಸ್ ಮಾಡಿಯೂ ಕೊಟ್ಟೆ. ಆದರೆ ಆ ನವಿಲಿಗೆ ನಾನು ಕೊಟ್ಟ ಐದು ಸಂಜೆ, ಅವಳು ಅದನ್ನು ಆಸೆಯಿಂದ ಕೊಂಡದ್ದು, ಎರಡೂ ಹಾಳಾಯಿತು ಅಂತ ಬಹಳ ದಿನ ಕೊರಗಿದೆ. ಈಗ ಕೆಂಪು, ಕಪ್ಪು, ಕಡು ನೀಲಿ ಯಾವ ದಾರ ತಂದರೂ ಮೊದಲು ಬೆಚ್ಚಗಿನ ನೀರಿನಲ್ಲಿ ನೆನೆಸುತ್ತೇನೆ. ನೀರು ತಿಳಿಯಾಗುವವರೆಗೆ ಬದಲಾಯಿಸುತ್ತೇನೆ. ಒಣಗಿದ ಮೇಲೆ ಒಂದು ಬಿಳಿ ಚೂರಿನ ಮೇಲೆ ನಾಲ್ಕು ಹೊಲಿಗೆ ಹಾಕಿ ಒಗೆದು ನೋಡುತ್ತೇನೆ. ಬಣ್ಣ ಬಿಟ್ಟರೆ ಆ ಲಡಿ ಮಾರಾಟದ ಕೆಲಸಕ್ಕಿಲ್ಲ.

ಇನ್ನು ಮೂರನೇ ಸಂತೆ. ಇದನ್ನು ಬರೆಯಬೇಕು ಅಂತಲೇ ಇಷ್ಟೆಲ್ಲ ಬರೆಯಲು ಕೂತಿದ್ದು.

ಅಲ್ಲಿ ನನ್ನ ಪಕ್ಕದ ಮೇಜು ಧಾರವಾಡದ ಹತ್ತಿರದ ಒಂದು ಹಳ್ಳಿಯಿಂದ ಬಂದ ಹೆಂಗಸಿನದು. ಸ್ವಸಹಾಯ ಸಂಘದ ಪರವಾಗಿ ಬಂದಿದ್ದರು. ಇಳಕಲ್ ಸೀರೆ, ಖಣದ ಕುಪ್ಪಸ, ಟೇಬಲ್ ಬಟ್ಟೆ, ನನ್ನ ಹಾಗೇ ಬುಕ್‌ಮಾರ್ಕ್, ಎಲ್ಲದರ ಮೇಲೂ ಕಸೂತಿ. ಅವರ ಕೆಲಸದ ಮುಂದೆ ನನ್ನದು ಇನ್ನೂ ಕಲಿಯುವವರ ಕೈ. ಅದು ನನಗೆ ಮೊದಲ ನೋಟಕ್ಕೇ ಗೊತ್ತಾಯಿತು. ಅವರ ಗೋಪುರದ ಬುಕ್‌ಮಾರ್ಕಿಗೆ 350. ನನ್ನದಕ್ಕೆ 120. ಮಧ್ಯಾಹ್ನದ ಹೊತ್ತಿಗೆ ನನ್ನದು ಒಂಬತ್ತು ಹೋಗಿದ್ದವು, ಅವರದು ಒಂದೂ ಹೋಗಿರಲಿಲ್ಲ. ಜನ ಅವರ ಮೇಜಿನಲ್ಲಿ ಎತ್ತಿ ನೋಡಿ, ಬೆಲೆ ಕೇಳಿ, ಎರಡು ಹೆಜ್ಜೆ ಇಟ್ಟು ನನ್ನ ಹತ್ತಿರ ಬರುತ್ತಿದ್ದರು.

ಊಟದ ಹೊತ್ತಿಗೆ ಅವರು ತಮ್ಮ ಬುತ್ತಿಯಿಂದ ಒಂದು ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು. ‘ಅಕ್ಕಾರ, ನೀವು ನೂರಾ ಇಪ್ಪತ್ತಕ್ಕ ಕೊಟ್ರ, ನನ್ನ ಹತ್ರ ಬಂದವ್ರಿಗೆ ನಾ ಏನ್ ಹೇಳ್ಲಿ?’

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಿಜವಾಗಿ ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂದು ರಾತ್ರಿ ಮೊದಲ ಸಲ ಕೂತು ಲೆಕ್ಕ ಹಾಕಿದೆ. ಒಂದು ಗೋಪುರದ ಬುಕ್‌ಮಾರ್ಕಿಗೆ ನನಗೆ ಮೂರೂವರೆ ಗಂಟೆ ಬೇಕು. ಬಟ್ಟೆ, ದಾರ, ಅಂಚಿನ ಹೊಲಿಗೆ ಸೇರಿ 18 ರೂಪಾಯಿ. 120ರಲ್ಲಿ ಅದನ್ನು ಕಳೆದರೆ 102. ಗಂಟೆಗೆ 29 ರೂಪಾಯಿ. ಮೇಜಿನ ಬಾಡಿಗೆ ಇನ್ನೂ ಸೇರಿಸಿಲ್ಲ. ನನಗೆ ತಿಂಗಳ ಸಂಬಳ ಬರುತ್ತದೆ, ಆ 29ರಲ್ಲಿ ನಾನು ಬದುಕಬೇಕಿಲ್ಲ. ಅವರು ಬದುಕಬೇಕು. ಹವ್ಯಾಸ ಅಲ್ವಾ, ಹಾಕಿದ ದುಡ್ಡು ಬಂದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಹಾಗೆ ಅಂದುಕೊಂಡು ನಾನು ಪಕ್ಕದವರ ಕೂಲಿಗೆ ಬೆಲೆ ಕಟ್ಟಿದ್ದೆ. ಕೊಂಡವರ ಮನಸ್ಸಿನಲ್ಲಿ ಕೈ ಕಸೂತಿ ಅಂದರೆ 120 ರೂಪಾಯಿ ಅಂತ ಕೂರಿಸಿಬಿಟ್ಟಿದ್ದೆ. ಮೊದಲೇ ಯಂತ್ರದ ಕಸೂತಿ ಅಗ್ಗಕ್ಕೆ ಸಿಗುತ್ತಿದೆ. ಕೈಯಿಂದ ಮಾಡುವವಳು ನಾನೂ ಅದೇ ಬೆಲೆಗೆ ಇಳಿದರೆ ಆ ಹಳ್ಳಿಯ ಮಕ್ಕಳು ಸೂಜಿ ಹಿಡಿಯುವುದಾದರೂ ಯಾಕೆ?

ಮರುದಿನ ಬೆಳಗ್ಗೆ ಬೇಗ ಹೋಗಿ ಬೆಲೆಯ ಚೀಟಿಗಳನ್ನೆಲ್ಲ ಬದಲಾಯಿಸಿದೆ. ಗೋಪುರಕ್ಕೆ 350. ನನ್ನದು ಅವರ ಕೆಲಸದಷ್ಟು ನಯವಿಲ್ಲ, ಹಾಗಾಗಿ ಗೋಪುರ ಹುಡುಕಿ ಬಂದವರಿಗೆ ‘ಪಕ್ಕದ ಮೇಜಿನಲ್ಲಿ ಇದಕ್ಕಿಂತ ಚೆನ್ನಾಗಿದೆ, ಮೊದಲು ಅದನ್ನು ತಿರುಗಿಸಿ ನೋಡಿ’ ಅಂತ ಕಳಿಸಿದೆ. ಆ ದಿನ ನಾನು ಮಾರಿದ್ದು ನಾಲ್ಕು. ಅವರು ಹನ್ನೊಂದು ಬುಕ್‌ಮಾರ್ಕ್, ಒಂದು ಸೀರೆ.

ಕಡಿಮೆ ಬೆಲೆಯ ವಸ್ತು ಬೇಡವೇ ಬೇಡ ಅಂತಲ್ಲ. ಮಕ್ಕಳು ಬರುತ್ತಾರೆ, ಕಾಲೇಜಿನವರು ಬರುತ್ತಾರೆ. ಅವರಿಗೆ ಹೊಲಿಗೆಯನ್ನು ಅಗ್ಗ ಮಾಡುವ ಬದಲು ಕೆಲಸವನ್ನೇ ಚಿಕ್ಕದು ಮಾಡಿದೆ. ಒಂದೇ ಸಾಲು ಮುರ್ಗಿ ಅಂಚು, ಮೂಲೆಯಲ್ಲಿ ಒಂದು ಪುಟ್ಟ ಹೂವು. ಒಂದೂವರೆ ಗಂಟೆಯ ಕೆಲಸ, 15 ರೂಪಾಯಿ ಸಾಮಾನು, ಬೆಲೆ 180. ಗಂಟೆಗೆ 110 ಬೀಳುತ್ತದೆ. ಪ್ರತಿ ವಸ್ತುವಿನ ಚೀಟಿಯಲ್ಲಿ ಬೆಲೆಯ ಕೆಳಗೆ ಎಷ್ಟು ಗಂಟೆಯ ಕೆಲಸ ಅಂತಲೂ ಬರೆಯುತ್ತೇನೆ. ಚೌಕಾಸಿ ಮಾಡುವವರು ಆಮೇಲೆ ಬಹಳ ಕಡಿಮೆಯಾದರು. ಕೆಲವರು ಗಂಟೆ ಓದಿ ತಾವೇ ಭಾಗಾಕಾರ ಮಾಡಿ ನೋಡುತ್ತಾರೆ.

ಮೇಜು ಹಾಕುವ ವಿಷಯ ಬೇಗ ಹೇಳಿಬಿಡುತ್ತೇನೆ. ಕೆಳಗೆ ನೆಲ ಮುಟ್ಟುವ ಸಾದಾ ಕಪ್ಪು ಬಟ್ಟೆ. ಚಿತ್ತಾರ ತುಂಬಿದ ಖಣ ಹಾಸಿದರೆ ಚೆಂದವೇ, ಆದರೆ ಅದರ ಮೇಲೆ ಕಸೂತಿ ಕಣ್ಣಿಗೆ ಬೀಳುವುದಿಲ್ಲ. ಎರಡು ಮರದ ಡಬ್ಬ ಬೋರಲು ಹಾಕಿ ಎತ್ತರ ಮಾಡಿಕೊಳ್ಳಿ, ಎಲ್ಲವೂ ಒಂದೇ ಮಟ್ಟದಲ್ಲಿ ಇದ್ದರೆ ದೂರದಿಂದ ಕಾಣಲ್ಲ. ಗಾಳಿಗೆ ಕ್ಲಿಪ್, ಓಲೆಗೆ ಕನ್ನಡಿ, ಮಳೆಗೆ ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ. 10, 20ರ ನೋಟು 500 ರೂಪಾಯಿಯಷ್ಟು. ಈಗ ಎಲ್ಲರೂ ಫೋನ್‌ಪೇ, ಗೂಗಲ್ ಪೇ ಅನ್ನುತ್ತಾರೆ, ಆದರೆ ಜನ ಸೇರಿದ ಕಡೆ ನೆಟ್‌ವರ್ಕ್ ಕೈ ಕೊಡುತ್ತದೆ. ಮನೆಯ ಇನ್ನೊಬ್ಬರ, ಬೇರೆ ಕಂಪನಿಯ ಸಿಮ್ ಇರುವ ಫೋನೂ ಜೊತೆಗಿರಲಿ.

ಮತ್ತೆ ಒಂದು ನೋಟ್‌ಬುಕ್. ಜನ ಕೇಳಿ ಸಿಗದೆ ಹೋದದ್ದನ್ನು ಅದರಲ್ಲಿ ಬರೆಯುತ್ತೇನೆ. ರಾಖಿ, ಕನ್ನಡಕದ ಚೀಲ, ಕುಪ್ಪಸದ ತೋಳಿನ ಅಂಚು. ಆ ಪಟ್ಟಿಯಿಂದ ರಾಖಿ ಮಾಡಿದೆ, ಚೆನ್ನಾಗಿ ಹೋಯಿತು. ಆದರೆ ಕೇಳಿದ್ದನ್ನೆಲ್ಲ ಒಪ್ಪಿಕೊಳ್ಳಬೇಡಿ. ಒಮ್ಮೆ ಮಗುವಿನ ನಾಮಕರಣಕ್ಕೆ ಹೆಸರು ಹೊಲಿದ 25 ಚೀಲಗಳ ಆರ್ಡರ್ ತಗೊಂಡೆ. ಮೂರು ವಾರ ರಾತ್ರಿ ಒಂದು ಗಂಟೆಯವರೆಗೆ ಹೊಲಿದೆ. ಒಂದೇ ಅಕ್ಷರ, ಮತ್ತೆ ಮತ್ತೆ. ಮುಗಿಸಿದ ಮೇಲೆ ಎರಡು ತಿಂಗಳು ಸೂಜಿ ಮುಟ್ಟಲು ಮನಸ್ಸಾಗಲಿಲ್ಲ. ಆಫೀಸಿನಿಂದ ಬಂದು ಬುಟ್ಟಿ ಎಳೆದುಕೊಂಡು ಕೂರುವ ಆ ಒಂದು ಗಂಟೆ ನನಗೆ ಎಷ್ಟು ಬೇಕಾದದ್ದು ಅಂತ ಅದು ಇಲ್ಲದಾಗ ತಿಳಿಯಿತು. ಈಗ ಆರ್ಡರ್ ಕೇಳಿದವರಿಗೆ ಆ ಪಕ್ಕದ ಮೇಜಿನವರ ಸಂಘದ ಫೋನ್ ನಂಬರ್ ಕೊಡುತ್ತೇನೆ. ಅವರಿಗೆ ಅದು ಬೇಕು.

ಮೇಜಿನ ಹಿಂದೆ ಕೂತು ಹೊಲಿಯುವುದು ಮಾತ್ರ ಇಂದಿಗೂ ಬಿಟ್ಟಿಲ್ಲ. ಮಕ್ಕಳು ಬಂದು ನಿಂತರೆ ಒಂದು ಚೌಕ ಮ್ಯಾಟಿ ಬಟ್ಟೆ, ಮೊಂಡು ತುದಿಯ ಸೂಜಿ ಕೊಡುತ್ತೇನೆ. ಇದಕ್ಕೆ ದುಡ್ಡಿಲ್ಲ. ‘ಒಂದು ಬಿಟ್ಟು ಒಂದು ಹೋಗು, ಈಗ ಬಿಟ್ಟದ್ದನ್ನು ತುಂಬುತ್ತಾ ಬಾ.’ ಒಬ್ಬ ಏಳೆಂಟು ವರ್ಷದ ಹುಡುಗ ಅರ್ಧ ಗಂಟೆ ಕದಲದೆ ಕೂತು ಒಂದು ಇಂಚು ಗೆರೆ ಮುಗಿಸಿದ. ಆಮೇಲೆ ಬಟ್ಟೆ ತಿರುಗಿಸಿ ನೋಡಿ, ‘ಅಮ್ಮಾ, ಹಿಂದೇನೂ ಬಂದಿದೆ!’ ಅಂತ ಕೂಗಿದ. ಅವನ ಅಮ್ಮ ಏನೂ ಕೊಳ್ಳಲಿಲ್ಲ. ಆ ಚೌಕವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಹೋದರು.

ಎರಡು ವರ್ಷದಲ್ಲಿ ಏಳು ಸಂತೆ ಮಾಡಿದ್ದೇನೆ. ಈ ದೀಪಾವಳಿಗೆ ಎಂಟನೆಯದು. ಹೋದ ವಾರ ಧಾರವಾಡದ ಕಡೆಯಿಂದ ಫೋನ್ ಬಂತು. ‘ಅಕ್ಕಾರ, ಇಬ್ರೂ ಸೇರಿ ಒಂದ ದೊಡ್ಡ ಮೇಜು ತಗೊಳ್ಳೋಣೇನ್ರಿ?’ ಬಾಡಿಗೆ ಅರ್ಧರ್ಧ. ಸೀರೆ, ಕುಪ್ಪಸ, ಗೋಪುರ, ತೇರು ಅವರದು. ರಾಖಿ, ಓಲೆ, ಒಂದು ಸಾಲಿನ ಅಂಚು ನನ್ನದು. ರೊಟ್ಟಿ ಅವರೇ ತರುತ್ತಾರಂತೆ, ಪಲ್ಯ ನಾನು. ಮೊನ್ನೆ ಹನ್ನೆರಡು ಲಡಿ ದಾರ ತಂದೆ. ಕೆಂಪಿನವು ನಾಲ್ಕು ಈಗ ಬಾಲ್ಕನಿಯ ತಂತಿಯ ಮೇಲೆ ಒಣಗುತ್ತಿವೆ, ಕೆಳಗೆ ಹಾಸಿದ ಬಿಳಿ ಪಂಚೆ ಇನ್ನೂ ಬಿಳಿಯಾಗಿಯೇ ಇದೆ.