ಅಮೆರಿಕದಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಉನ್ನತ ವ್ಯಾಸಂಗ: ಕರಾವಳಿಯಿಂದ ಹೋದವರಿಗಾಗಿ

ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಅಮೆರಿಕದಲ್ಲಿ ಸ್ನಾತಕೋತ್ತರ ಮಟ್ಟದಲ್ಲಿ ಓದುವ ಬಗ್ಗೆ ಉಡುಪಿಯಲ್ಲಿರುವ ನನ್ನಲ್ಲಿ ವಿಚಾರಿಸುವ ನಮ್ಮ ಕಡೆಯವರು ಹೆಚ್ಚಾಗಿ ಮೂರು ಬಗೆಯವರು. ಇಲ್ಲಿನ ಸಂಸ್ಕೃತ ಕಾಲೇಜಿನಲ್ಲಿ ಓದಿ, ಮದುವೆಯಾಗಿ ಅಲ್ಲಿ ಕೆಲಸದ ವೀಸಾದಲ್ಲಿರುವವರ ಸಂಗಾತಿಗೆ ಸಿಗುವ ಎಚ್-4 ವೀಸಾದ ಮೇಲೆ ಅಲ್ಲಿಗೆ ಹೋಗಿ, ಓದನ್ನು ಮುಂದುವರಿಸಲು ದಾರಿ ಹುಡುಕುತ್ತಿರುವವರು ಒಂದು ಕಡೆ. ಮಂಗಳೂರಿನ ಜೆಪ್ಪು ಸೆಮಿನರಿಯಂಥ ಕಡೆ ಒಂದಿಷ್ಟು ಲ್ಯಾಟಿನ್ ಕಲಿತು ಬಳಿಕ ಬೇರೆ ಹಾದಿ ಹಿಡಿದವರು ಇನ್ನೊಂದು ಕಡೆ. ಮೂರನೆಯವರು, ಅಲ್ಲಿಯೇ ಹುಟ್ಟಿ ಬೆಳೆದು ಹೈಸ್ಕೂಲಿನಲ್ಲಿ ಲ್ಯಾಟಿನ್ ರುಚಿ ಹತ್ತಿಸಿಕೊಂಡ ಮಕ್ಕಳ ತಂದೆತಾಯಂದಿರು. ಇವರ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಆತಂಕವೇ ಹೆಚ್ಚು. ಈ ಎಲ್ಲರಿಗೂ ಮೊದಲು ಹೇಳಬೇಕಾದದ್ದು ಒಂದೇ. ಅಭ್ಯರ್ಥಿಯು ಯಾವ ಯಾವ ಗ್ರಂಥಗಳನ್ನು, ಎಷ್ಟೆಷ್ಟು, ಅನುವಾದದ ಆಸರೆಯಿಲ್ಲದೆ ಮೂಲದಲ್ಲಿ ಓದಿದ್ದಾರೆ ಎಂಬುದನ್ನೇ ಅಲ್ಲಿನ ಪ್ರವೇಶ ಸಮಿತಿಗಳು ಎಲ್ಲಕ್ಕಿಂತ ಮುಂಚೆ ನೋಡುತ್ತವೆ. ಉಳಿದ ವ್ಯವಸ್ಥೆಯೆಲ್ಲವೂ ಈ ಒಂದು ಪ್ರಶ್ನೆಯ ಸುತ್ತ ನಿಂತಿದೆ.

ಈ ವಿಷಯವನ್ನು ಕಲಿಸುವ ವಿಭಾಗಕ್ಕೆ ಅಲ್ಲಿ ಕ್ಲಾಸಿಕ್ಸ್ ಎಂದು ಹೆಸರು. ನಮ್ಮಲ್ಲಿ ಸಾಮಾನ್ಯವಾಗಿರುವಂತೆ ಎಂ.ಎ. ಮುಗಿಸಿಯೇ ಪಿಎಚ್.ಡಿ.ಗೆ ಹೋಗಬೇಕೆಂಬ ಕಟ್ಟುಪಾಡಿಲ್ಲ, ಬಿ.ಎ. ಆದವರೂ ನೇರವಾಗಿ ಅರ್ಜಿ ಹಾಕಬಹುದು. ಆದರೆ ಒಂದು ಭಾಷೆಯಲ್ಲಿ ಕಾಲೇಜು ಮಟ್ಟದ ಮೂರು-ನಾಲ್ಕು ವರ್ಷದ, ಇನ್ನೊಂದರಲ್ಲಿ ಎರಡು-ಮೂರು ವರ್ಷದ ತಯಾರಿ ಇಲ್ಲದಿದ್ದರೆ ಆ ಅರ್ಜಿ ಮುಂದೆ ಸಾಗುವುದು ಕಷ್ಟ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2021ರಲ್ಲಿ ಕ್ಲಾಸಿಕ್ಸ್ ವಿದ್ಯಾರ್ಥಿಗಳಿಗೆ ಗ್ರೀಕ್, ಲ್ಯಾಟಿನ್ ಕಡ್ಡಾಯವಲ್ಲವೆಂದು ಮಾಡಿತೆಂಬ ಸುದ್ದಿಯನ್ನು ಓದಿ ಧೈರ್ಯ ತಂದುಕೊಂಡವರಿದ್ದಾರೆ. ಆ ನಿಯಮ ಪದವಿ ತರಗತಿಗಳಿಗೆ ಮಾತ್ರ ಸಂಬಂಧಿಸಿದ್ದು. ಸಂಶೋಧನೆಗೆ ಬರುವವರಿಗೆ ಭಾಷೆಯಿಂದ ವಿನಾಯಿತಿ ಸಿಕ್ಕಿಲ್ಲ. ಕರ್ನಾಟಕದ ಮೂರು ವರ್ಷದ ಬಿ.ಎ.ಯನ್ನು ಕೆಲವು ವಿಶ್ವವಿದ್ಯಾಲಯಗಳು ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಮನೆಂದು ಒಪ್ಪುವುದಿಲ್ಲ; ಅದರ ಮೇಲೊಂದು ಎಂ.ಎ. ಇದ್ದರೆ ಈ ತೊಡಕು ಸಾಮಾನ್ಯವಾಗಿ ಬಗೆಹರಿಯುತ್ತದೆ. ಸ್ನಾತಕೋತ್ತರ ಪ್ರವೇಶಕ್ಕೆಂದು ಬರೆಯುವ ಜಿ.ಆರ್.ಇ. ಪರೀಕ್ಷೆಯನ್ನು ಬಹಳಷ್ಟು ವಿಭಾಗಗಳು ಕೈಬಿಟ್ಟಿರುವುದರಿಂದ ಅದಕ್ಕೆ ಹಣ ಸುರಿಯುವ ಮೊದಲು ಆಯಾ ವಿಭಾಗದ ನಿಯಮವನ್ನು ನೋಡಿಕೊಳ್ಳುವುದು ಒಳ್ಳೆಯದು.

ತಡವಾಗಿ ಆರಂಭಿಸಿದವರಿಗೂ ಅಲ್ಲಿ ಮೆಟ್ಟಿಲುಗಳಿವೆ. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ ಮತ್ತು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ನಡೆಸುತ್ತ ಬಂದಿರುವ 10 ವಾರಗಳ ಬೇಸಿಗೆ ತರಗತಿಗಳಲ್ಲಿ ಅಕ್ಷರಮಾಲೆಯಿಂದ ಹೊರಟವರು ಕೊನೆಯ ವಾರಗಳಲ್ಲಿ ಮೂಲ ಗ್ರಂಥಗಳನ್ನು ಓದುವಷ್ಟು ಮುಂದೆ ಹೋಗುತ್ತಾರೆ. ಆ ಅವಧಿಯಲ್ಲಿ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಲಾಗುವುದಿಲ್ಲ. ಅದಾದ ಮೇಲೆ ಪೋಸ್ಟ್-ಬ್ಯಾಕಲೊರಿಯೇಟ್ ಎಂಬ, ಒಂದು ಅಥವಾ ಎರಡು ವರ್ಷದ ಸೇತುವೆ ಕೋರ್ಸುಗಳಿವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ (ಯುಸಿಎಲ್‌ಎ) ಮುಂತಾದವು ಇದಕ್ಕೆ ಹೆಸರಾದವು. ಬೇರೆ ವಿಷಯದಲ್ಲಿ ಪದವಿ ಪಡೆದವರು ಪಿಎಚ್.ಡಿ.ಗೆ ಬೇಕಾದ ಭಾಷಾಬಲವನ್ನು ಗಳಿಸಿಕೊಳ್ಳಲೆಂದೇ ಇವು ಹುಟ್ಟಿದವು. ಇವುಗಳ ಖರ್ಚನ್ನು ಹೆಚ್ಚಾಗಿ ವಿದ್ಯಾರ್ಥಿಯೇ ಭರಿಸಬೇಕು, ಕೊನೆಗೆ ಪದವಿಯೂ ದೊರೆಯುವುದಿಲ್ಲ. ಆದ್ದರಿಂದ ಅಧ್ಯಾಪನ ಸಹಾಯಕ ಹುದ್ದೆಯೊಂದಿಗೆ ಶುಲ್ಕ ಮನ್ನಾ ಮಾಡುವ ಎರಡು ವರ್ಷದ ಎಂ.ಎ. ಎಲ್ಲಿಯಾದರೂ ಸಿಕ್ಕಿದರೆ, ದೊಡ್ಡ ಹೆಸರಿನ ಸೇತುವೆ ಕೋರ್ಸನ್ನು ಬಿಟ್ಟು ಇದನ್ನೇ ಹಿಡಿಯಿರಿ ಎಂಬುದು ನನ್ನ ಅಭಿಪ್ರಾಯ.

ಸಂಸ್ಕೃತ ಓದಿದ್ದರೆ ಎಷ್ಟು ಉಪಯೋಗ ಎಂಬ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕಾಗುತ್ತದೆ. ವ್ಯಾಕರಣದ ಚೌಕಟ್ಟಿನ ಮಟ್ಟಿಗೆ ಉಪಯೋಗ ಬಹಳವಿದೆ. ಗ್ರೀಕ್, ಲ್ಯಾಟಿನ್ ಎರಡರಲ್ಲೂ ವಿಭಕ್ತಿಗಳು ಸಂಸ್ಕೃತಕ್ಕಿಂತ ಕಡಿಮೆ. ಗ್ರೀಕಿನಲ್ಲಿ ದ್ವಿವಚನ ಉಂಟು, ಆತ್ಮನೇಪದಕ್ಕೆ ಸಮಾನವಾದ ಪ್ರಯೋಗ ಉಂಟು, ಭೂತಕಾಲದ ರೂಪಗಳ ಮೊದಲಿಗೆ ಬರುವ ಅಡಾಗಮವೂ ಉಂಟು. ಸಂಸ್ಕೃತದ 'ಅಭರತ್' ಗ್ರೀಕಿನ 'ಎಫೆರೆ'ಯ ಪಕ್ಕದಲ್ಲಿ, 'ದದರ್ಶ' ಅಲ್ಲಿನ 'ದೆದೊರ್ಕೆ'ಯ ಪಕ್ಕದಲ್ಲಿ ನಿಂತಾಗ ಇಂಗ್ಲಿಷ್ ಮಾತ್ರ ಬಲ್ಲ ಸಹಪಾಠಿಗೆ ತಿಂಗಳುಗಟ್ಟಲೆ ಹಿಡಿಯುವ ಪಾಠ ನಮ್ಮವರಿಗೆ ಕೆಲವೇ ದಿನಗಳಲ್ಲಿ ಹಿಡಿತಕ್ಕೆ ಬರುತ್ತದೆ. ಎಡವುವುದೂ ಇಲ್ಲಿಯೇ. ಕಾವ್ಯಸಂಸ್ಕೃತದಲ್ಲಿ ಲಙ್, ಲುಙ್, ಲಿಟ್ ಎಂಬ ಮೂರು ಭೂತಕಾಲರೂಪಗಳನ್ನೂ ಹೆಚ್ಚುಕಡಿಮೆ ಒಂದೇ ಭೂತಕಾಲವೆಂಬಂತೆ ಓದಿ ರೂಢಿಯಾದವರು ಗ್ರೀಕಿನಲ್ಲೂ ಹಾಗೆಯೇ ಓದುತ್ತ ಹೋಗುತ್ತಾರೆ. ಗ್ರೀಕಿನಲ್ಲಿ ಕ್ರಿಯೆ ನಡೆಯುತ್ತಿತ್ತೇ, ನಡೆದು ಮುಗಿಯಿತೇ, ಅದರ ಫಲ ಈಗ ಉಳಿದಿದೆಯೇ ಎಂಬ ಭೇದ ಜೀವಂತವಾಗಿದ್ದು, ಅದನ್ನು ಬಿಟ್ಟರೆ ಗ್ರೀಕ್ ಇತಿಹಾಸಕಾರ ಥುಸಿಡಿಡೀಸನ ವಾಕ್ಯದ ಅರ್ಥವೇ ಕೆಡುತ್ತದೆ. ಲ್ಯಾಟಿನ್ನಿನ ಕಷ್ಟ ಬೇರೆಯದು. ಇನ್ನೊಬ್ಬರ ಮಾತನ್ನು ಹೇಳಲು ಸಂಸ್ಕೃತಕ್ಕೆ 'ಇತಿ' ಸಾಕು, ಕನ್ನಡಕ್ಕೆ 'ಎಂದು' ಸಾಕು. ಲ್ಯಾಟಿನ್ನಿನಲ್ಲಾದರೋ ಹೇಳಿದವನ ಮಾತಿನ ಕರ್ತೃಪದ ದ್ವಿತೀಯಾ ವಿಭಕ್ತಿಗೆ ಹೋಗಿ, ಕ್ರಿಯಾಪದ ತುಮುನ್ನಂತದಂಥ ('ಹೋಗಲು' ಎಂಬಂಥ) ರೂಪ ತಾಳಿ, ಒಳವಾಕ್ಯಗಳು ಬೇರೊಂದು ಕ್ರಿಯಾರೂಪಕ್ಕೆ ತಿರುಗುತ್ತವೆ. ರೋಮನ್ ಇತಿಹಾಸಕಾರ ಲಿವಿಯ ಪುಟಗಟ್ಟಲೆ ಭಾಷಣಗಳು ಹೀಗೆಯೇ ಸಾಗುತ್ತವೆ. ಇದಕ್ಕೆ ನಮ್ಮ ಯಾವ ಪೂರ್ವಪಾಠವೂ ನೆರವಾಗುವುದಿಲ್ಲ, ಅಭ್ಯಾಸವೊಂದೇ ಗತಿ.

ಕನ್ನಡದಿಂದ ಆಗುವ ಉಪಕಾರವನ್ನು ಮಾತ್ರ ನಮ್ಮವರು ಗುರುತಿಸುವುದು ಕಡಿಮೆ. ಗ್ರೀಕಿನಲ್ಲಿರುವ ಹ್ರಸ್ವ-ದೀರ್ಘ ಎ, ಏ ಮತ್ತು ಒ, ಓ ಭೇದ ಸಂಸ್ಕೃತದಲ್ಲಿಲ್ಲ, ಕನ್ನಡದಲ್ಲಿದೆ. ಅಥೆನ್ಸಿನ ಪ್ರಾಚೀನ ಉಚ್ಚಾರಣೆಯ ಮಹಾಪ್ರಾಣಗಳನ್ನು ನಮ್ಮ ಖ, ಥ, ಫಗಳಂತೆ ಉಚ್ಚರಿಸಿದರೆ ಸಾಕು. ಛಂದಸ್ಸಂತೂ ನಮಗೆ ಹೊಸದೇ ಅಲ್ಲ: ಗ್ರೀಕ್ ಕವಿ ಹೋಮರ್ ಮತ್ತು ಲ್ಯಾಟಿನ್ ಕವಿ ವರ್ಜಿಲರು ಬಳಸಿದ ಹೆಕ್ಸಾಮೀಟರ್ ಎಂಬ ಛಂದಸ್ಸಿನ ಸಾಲಿನಲ್ಲಿ ಆರು ಗಣಗಳಿದ್ದು, ಕೊನೆಯದನ್ನು ಬಿಟ್ಟರೆ ಪ್ರತಿಯೊಂದೂ ನಾಲ್ಕು ಮಾತ್ರೆಯದು. ಅದು ಒಂದೋ ಒಂದು ಗುರು ಎರಡು ಲಘುಗಳ ಭಗಣ, ಇಲ್ಲವೇ ಎರಡು ಗುರು. ಲಘು-ಗುರು ಹಾಕಿ ಷಟ್ಪದಿಯ ಪ್ರಸ್ತಾರ ಮಾಡಿದವರಿಗೆ, ಯಕ್ಷಗಾನದ ಪದ್ಯಗಳನ್ನು ಕಿವಿಯಲ್ಲಿ ಇಟ್ಟುಕೊಂಡು ಬೆಳೆದವರಿಗೆ, ಇದನ್ನು ಗಟ್ಟಿಯಾಗಿ ಓದುವುದು ಅಮೆರಿಕದ ವಿದ್ಯಾರ್ಥಿಗಿಂತ ಸುಲಭ. ಸೆಮಿನರಿಯಲ್ಲಿ ಕಲಿತವರು ಒಂದು ಬದಲಾವಣೆಗೆ ಸಿದ್ಧರಿರಬೇಕು: ರೋಮಿನ ವಾಗ್ಮಿ ಸಿಸೆರೊ, ಇಗರ್ಜಿಯ ಉಚ್ಚಾರಣೆಯ 'ಚಿಚೆರೊ', ವಿಶ್ವವಿದ್ಯಾಲಯದಲ್ಲಿ 'ಕಿಕೆರೊ' ಆಗುತ್ತಾನೆ. ಬೈಬಲಿನ ಸರಳ ಲ್ಯಾಟಿನ್ನಿಗೆ ಒಗ್ಗಿದ ಕಣ್ಣು ರೋಮನ್ ಇತಿಹಾಸಕಾರ ಟ್ಯಾಸಿಟಸನ ಮುಂದೆ ಸ್ವಲ್ಪ ದಿನ ಕತ್ತಲೆ ಕಾಣುವುದು ಸಹಜ.

ಏಕೆ ಓದಬಯಸುತ್ತೇವೆಂದು ಅರ್ಜಿಯೊಂದಿಗೆ ಬರೆದು ಕೊಡುವ ಉದ್ದೇಶಪತ್ರದ ಬಗ್ಗೆ ಒಂದು ಮಾತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ 413ನೆಯ ಪಪೈರಸ್‌ನ (ಜೊಂಡಿನ ಹಾಳೆಯ ಪುರಾತನ ಬರಹದ) ಗ್ರೀಕ್ ಪ್ರಹಸನದಲ್ಲಿ ಬರುವ ಭಾರತೀಯ ಮಾತುಗಳು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಟ್ಶ್ 1904ರಲ್ಲಿ ಸೂಚಿಸಿದ್ದು, ಮುಂದೆ ಅವು ತುಳುವೆಂದು ಕೆಲವರು ವಾದಿಸಿದ್ದು ನಮ್ಮ ಕಡೆ ಎಲ್ಲರಿಗೂ ಪ್ರಿಯವಾದ ವಿಷಯ. ಪ್ರಾಚೀನ ರೋಮಿನ ಲೇಖಕ ಪ್ಲಿನಿ ಹೇಳುವ, ಕಡಲ್ಗಳ್ಳರ 'ನಿತ್ರಿಯಾಸ್' ನೇತ್ರಾವತಿಯ ದಡದ ಊರೆಂಬ ಗುರುತಿಸುವಿಕೆಯೂ ಹಾಗೆಯೇ. ಇವನ್ನು ಬರೆಯಬಾರದೆಂದಲ್ಲ. ಆದರೆ ಆ ಪ್ರಹಸನದ ಭಾರತೀಯ ಭಾಷೆ ಯಾವುದೆಂಬುದು ವಿದ್ವಾಂಸರಲ್ಲಿ ಇತ್ಯರ್ಥವಾಗಿಲ್ಲ. ಊರಿನ ಅಭಿಮಾನದ ಮೇಲೆ ಕಟ್ಟಿದ ಪತ್ರಕ್ಕಿಂತ, ಆ ಪಪೈರಸ್‌ನ ಗ್ರೀಕ್ ಭಾಗವನ್ನು ತಾನೇ ಓದಿ ಒಂದು ನಿರ್ದಿಷ್ಟ ಪ್ರಶ್ನೆ ಎತ್ತಿದ ಪತ್ರಕ್ಕೆ ಸಮಿತಿಯಲ್ಲಿ ಬೆಲೆ.

ಪ್ರವೇಶವಾದ ಮೇಲೆ ಮೊದಲ ಎರಡು-ಮೂರು ವರ್ಷ ತರಗತಿಗಳಿರುತ್ತವೆ. ಇಂಗ್ಲಿಷಿನಿಂದ ಗ್ರೀಕ್, ಲ್ಯಾಟಿನ್ ಗದ್ಯಕ್ಕೆ ತಿರುಗಿಸುವ ರಚನಾಭ್ಯಾಸವನ್ನು ಹಲವು ಕಡೆ ಬಿಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಂಟಕ ಓದುಪಟ್ಟಿ. ಹೋಮರ್‌ನಿಂದ ಪ್ಲೇಟೋವರೆಗೆ, ಲ್ಯಾಟಿನ್ ನಾಟಕಕಾರ ಪ್ಲಾಟಸ್‌ನಿಂದ ಟ್ಯಾಸಿಟಸ್‌ವರೆಗೆ ವಿಭಾಗ ನಿಗದಿಪಡಿಸಿದ ಗ್ರಂಥಭಾಗಗಳನ್ನು ಓದಿ, ಅವುಗಳಿಂದ ಆಯ್ದ ತುಣುಕುಗಳನ್ನು ಗಂಟೆಗಳ ಲೆಕ್ಕದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ನಿಘಂಟಿಲ್ಲದೆ ಅನುವಾದಿಸಬೇಕು. ಹೋಮರ್‌ನ ಮಹಾಕಾವ್ಯ ಇಲಿಯಡ್ ಒಂದರಲ್ಲೇ 15,693 ಸಾಲುಗಳಿವೆ ಎಂದರೆ ಮೊದಲ ದಿನದಿಂದಲೇ ದಿನಕ್ಕಿಷ್ಟೆಂದು ಓದದೆ ವಿಧಿಯಿಲ್ಲ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂಗ್ಲಿಷ್ ಇರುವ ಲೋಬ್ ಮಾಲೆಯ ಪುಸ್ತಕಗಳು ಮನೆಯಲ್ಲಿರಲಿ, ಆದರೆ ಬಲಗಡೆಗೆ ಕಾಗದ ಮುಚ್ಚಿ ಓದಿ. ಇದರ ಜೊತೆಗೆ ಜರ್ಮನ್ ಒಂದು, ಫ್ರೆಂಚ್ ಅಥವಾ ಇಟಾಲಿಯನ್ ಇನ್ನೊಂದು, ಹೀಗೆ ಎರಡು ಆಧುನಿಕ ಭಾಷೆಗಳ ಓದುವ ಪರೀಕ್ಷೆ. ಊರಿನಲ್ಲಿ ಇನ್ನೂ ಒಂದು ವರ್ಷ ಇರುವವರು ಬೇರೆಲ್ಲ ಬಿಟ್ಟು ಜರ್ಮನ್ ಕಲಿತು ಹೋಗುವುದು ಜಾಣತನ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಅದಕ್ಕಿದೆ.

ಅರ್ಜಿಯ ಗಡುವು ಡಿಸೆಂಬರ್, ಜನವರಿ ಸುಮಾರಿಗೆ. ಮಂಗಳೂರು ವಿಶ್ವವಿದ್ಯಾಲಯದ ಅಂಕಪಟ್ಟಿಯ ದೃಢೀಕೃತ ಪ್ರತಿಗಳಿಗೆ ಮಳೆಗಾಲದಲ್ಲೇ ಮನೆಯವರಿಗೆ ಹೇಳಿಟ್ಟರೆ ಒಳಿತು. ಆರ್ಥಿಕ ನೆರವಿನೊಂದಿಗೆ ಬಂದ ಪ್ರವೇಶಪತ್ರಕ್ಕೆ ಏಪ್ರಿಲ್ 15ರವರೆಗೆ ಉತ್ತರಿಸದಿರುವ ಹಕ್ಕು ನಿಮಗಿದೆ ಎಂಬ ಒಪ್ಪಂದವನ್ನು ಅಲ್ಲಿನ ಬಹುಪಾಲು ವಿಶ್ವವಿದ್ಯಾಲಯಗಳು ಪಾಲಿಸುತ್ತವೆ, ಅವಸರಪಡಿಸಿದರೂ ಅವಸರಪಡಬೇಡಿ. ಶುಲ್ಕ ಮನ್ನಾ ಮತ್ತು ಐದು ವರ್ಷದ ಜೀವನವೇತನವಿಲ್ಲದ ಪಿಎಚ್.ಡಿ.ಗೆ ಕೈಯಿಂದ ಹಣ ಹಾಕಿ ಸೇರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಎಚ್-4ರಲ್ಲಿರುವವರು ಓದಬಹುದು, ಆದರೆ ಕೆಲಸದ ಅನುಮತಿ ಇಲ್ಲದಿದ್ದರೆ ಅಧ್ಯಾಪನ ಸಹಾಯಕರಾಗಿ ಸಂಬಳ ಪಡೆಯುವಂತಿಲ್ಲ. ಅದಕ್ಕಾಗಿ ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಎಫ್-1ರಲ್ಲಿ ತರಗತಿಗಳು ನಡೆಯುವಾಗ ಆವರಣದೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಸೇತುವೆ ಕೋರ್ಸುಗಳಿಗೆ, ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡುತ್ತಾರೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲು ಬರೆದು ಕೇಳಿಕೊಳ್ಳಿ.

ಕೆಲಸದ ವಿಷಯದಲ್ಲಿ ತಂದೆತಾಯಂದಿರ ಆತಂಕ ಸುಳ್ಳಲ್ಲ. ಕಾಯಂ ಅಧ್ಯಾಪಕ ಹುದ್ದೆಗಳು ವಿರಳ, ಈಚಿನ ವರ್ಷಗಳಲ್ಲಿ ಕೆಲವು ವಿಶ್ವವಿದ್ಯಾಲಯಗಳು ಮಾನವಿಕ ವಿಭಾಗಗಳ ಪಿಎಚ್.ಡಿ. ಪ್ರವೇಶವನ್ನೇ ತಡೆಹಿಡಿದಿವೆ. ಕ್ಲಾಸಿಕ್ಸ್ ವಿಜ್ಞಾನ-ತಂತ್ರಜ್ಞಾನ ಪಟ್ಟಿಗೆ ಸೇರದ ಕಾರಣ ಪದವಿಯ ನಂತರದ ಕೆಲಸದ ಅನುಮತಿ 12 ತಿಂಗಳಿಗೆ ಮುಗಿಯುತ್ತದೆ, ಎಂಜಿನಿಯರುಗಳಿಗೆ ಸಿಗುವ 24 ತಿಂಗಳ ವಿಸ್ತರಣೆ ಸಿಗುವುದಿಲ್ಲ. ಅಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ಹೈಸ್ಕೂಲಿನ ಲ್ಯಾಟಿನ್ ಶಿಕ್ಷಕ ವೃತ್ತಿ ಭರವಸೆಯ ದಾರಿ. ಸರಕಾರಿ ಶಾಲೆಗೆ ಆಯಾ ರಾಜ್ಯದ ಪರವಾನಗಿ ಬೇಕು, ಖಾಸಗಿ ಶಾಲೆಗಳಲ್ಲಿ ಸಾಮಾನ್ಯವಾಗಿ ಬೇಡ. ಆಮ್ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಅಧ್ಯಾಪನಕ್ಕೆಂದೇ ಸ್ನಾತಕೋತ್ತರ ಪದವಿಯಿದ್ದು, ಸಂಶೋಧನೆಗಿಂತ ಪಾಠ ಹೇಳುವುದರಲ್ಲಿ ಒಲವಿರುವವರು ಪಿಎಚ್.ಡಿ.ಯ ಗೋಜಿಗೆ ಹೋಗದೆ ಅಂಥದ್ದಕ್ಕೇ ಅರ್ಜಿ ಹಾಕಬಹುದು.